ಪ್ರೌಢಶಾಲಾ ಮಕ್ಕಳ ಓದು: ಗುಂಪಿನಲ್ಲಿ ಓದಿಸುವ ವಿಧಾನಗಳು

ಒಂಬತ್ತನೇ ತರಗತಿಯ ಹುಡುಗಿ ವಿಜ್ಞಾನ ಪುಸ್ತಕದ ಒಂದು ಪುಟವನ್ನು ಗಟ್ಟಿಯಾಗಿ ಓದುತ್ತಾಳೆ. ಒತ್ತಕ್ಷರ ತಪ್ಪುವುದಿಲ್ಲ, ಮಹಾಪ್ರಾಣ ಬಿಟ್ಟುಹೋಗುವುದಿಲ್ಲ, ಪೂರ್ಣವಿರಾಮದಲ್ಲಿ ಸರಿಯಾಗಿ ನಿಲ್ಲುತ್ತಾಳೆ. ಪುಸ್ತಕ ಮುಚ್ಚಿಸಿ “ಈಗ ಓದಿದ್ದರಲ್ಲಿ ಏನಿತ್ತಮ್ಮಾ?” ಎಂದು ಕೇಳಿದರೆ ಮೊದಲ ಸಾಲನ್ನು ಹಾಗೆಯೇ ಒಪ್ಪಿಸಿ ಸುಮ್ಮನಾಗುತ್ತಾಳೆ. ಗಡಿಭಾಗದ ಕನ್ನಡ ಶಾಲೆಗಳಲ್ಲಿ ಪಾಠ ಮಾಡಿದ ಯಾರಿಗೂ ಇದು ಹೊಸ ದೃಶ್ಯವಲ್ಲ. ಬಹುಕಾಲ ತರಗತಿಯಲ್ಲಿ ನಿಂತ ನಾನೂ ಇಂಥ ಮಕ್ಕಳ ಬಗ್ಗೆ “ಓದು ಬರುತ್ತದೆ, ಗಮನ ಸಾಲದು” ಎಂದು ಬರೆದಿಟ್ಟವನೇ. ಅದು ತಪ್ಪು ತೀರ್ಮಾನವಾಗಿತ್ತು. ಅವರಿಗೆ ಬಂದಿದ್ದದ್ದು ಉಚ್ಚಾರ. ಓದು ಇನ್ನೂ ಬಂದಿರಲಿಲ್ಲ.

ಇಂಥ ಮಕ್ಕಳಿಗೆ ಇನ್ನಷ್ಟು ಗಟ್ಟಿಯಾಗಿ ಓದಿಸುವುದರಿಂದ ಪ್ರಯೋಜನ ಕಡಿಮೆ. ಓದಿದ್ದನ್ನು ಇನ್ನೊಬ್ಬರ ಜೊತೆ ಮಾತಾಡಲೇಬೇಕಾದ ಸ್ಥಿತಿಯಲ್ಲಿ ಅವರನ್ನು ಕೂರಿಸುವುದೇ ಹೆಚ್ಚು ಉಪಯುಕ್ತ. ಇದಕ್ಕೆ ಶಿಕ್ಷಣ ಶಾಸ್ತ್ರದಲ್ಲಿ ಸಹಕಾರಿ ಕಲಿಕೆ ಎಂದು ಹೆಸರು. ಬಿ.ಎಡ್. ಮಾಡಿದವರೆಲ್ಲ ಆ ಹೆಸರನ್ನು ಕೇಳಿರುತ್ತಾರೆ, ಆದರೆ ತರಗತಿಯಲ್ಲಿ ಕ್ರಮವಾಗಿ ಮಾಡಿ ನೋಡಿದವರು ಕಡಿಮೆ. ಶಿಕ್ಷಕರಿಗೆ ಮಾತ್ರವಲ್ಲ, ನಮ್ಮ ಸಂಘಗಳಲ್ಲಿ ಭಾನುವಾರ ಮಕ್ಕಳನ್ನು ಸೇರಿಸುವ ಸದಸ್ಯರಿಗೂ ಉಪಯೋಗಕ್ಕೆ ಬರಲಿ ಎಂದು ಆ ಕ್ರಮವನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಪ್ರೌಢಶಾಲೆಯಲ್ಲೇ ಏಕೆ?

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯದ ಬಗ್ಗೆ ಹೇಳುತ್ತದೆ. ಆದರೆ ಅದು ಹೇಳುವುದು ಪ್ರಾಥಮಿಕ ಹಂತದ ಬಗ್ಗೆ ಮಾತ್ರ. ಎಂಟನೇ ತರಗತಿಗೆ ಬಂದಾಗ ಮಗುವಿನ ಕನ್ನಡಕ್ಕೆ ಇರುವ ಆಸರೆ ತೆಳುವಾಗುತ್ತದೆ, ಅದೇ ಹೊತ್ತಿಗೆ ಪುಸ್ತಕದ ಕನ್ನಡ ದಪ್ಪವಾಗುತ್ತದೆ. ಕಥೆ, ಪದ್ಯಗಳ ಜಾಗದಲ್ಲಿ ದ್ಯುತಿಸಂಶ್ಲೇಷಣೆ, ವಿಕೇಂದ್ರೀಕರಣ, ಸವಕಳಿ, ಆರ್ದ್ರತೆ ಬಂದು ಕೂರುತ್ತವೆ. ಹತ್ತನೇ ತರಗತಿಯಲ್ಲಿ ಮಗು ಎಡವಿದರೆ ಮನೆಯವರು ಕನ್ನಡ ಮಾಧ್ಯಮವನ್ನೇ ದೂರುತ್ತಾರೆ. ಅದರ ತಮ್ಮನನ್ನೋ ತಂಗಿಯನ್ನೋ ಬೇರೆ ಮಾಧ್ಯಮಕ್ಕೆ ಸೇರಿಸುತ್ತಾರೆ. ಎರಡು ಮೂರು ಮನೆಯವರು ಹೀಗೆ ಮಾಡಿದರೆ ಸಣ್ಣ ಶಾಲೆಯಲ್ಲಿ ಒಂದು ಡಿವಿಜನ್ ಹೋಗುತ್ತದೆ, ಅದರ ಹಿಂದೆ ಶಿಕ್ಷಕರ ಹುದ್ದೆಯೂ ಹೋಗುತ್ತದೆ. ನಾವು ಸಭೆಗಳಲ್ಲಿ ಮನವಿಪತ್ರ ಬರೆಯುವುದು ಆ ಕೊನೆಯ ಹಂತದಲ್ಲಿ.

ಇನ್ನೊಂದು ಲೆಕ್ಕವೂ ಇದೆ. ಕರ್ನಾಟಕದಲ್ಲಿ ವೃತ್ತಿಪರ ಕೋರ್ಸುಗಳಿಗೆ ಹೊರನಾಡು ಮತ್ತು ಗಡಿನಾಡು ಕನ್ನಡಿಗರೆಂದು ಅರ್ಜಿ ಹಾಕುವ ಮಕ್ಕಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುವ ಮಗುವೂ ಓದಿ ಅರ್ಥ ಮಾಡಿಕೊಳ್ಳದಿದ್ದರೆ ಅಲ್ಲಿ ತೊಂದರೆ ಪಡುತ್ತದೆ.

ಇದು ಗಡಿನಾಡಿನ ಮಕ್ಕಳಿಗೆ ಮಾತ್ರ ಅಂಟಿದ ಕೊರತೆ ಎಂದು ತಿಳಿಯಬೇಕಾಗಿಲ್ಲ. ಪ್ರಥಮ್ ಸಂಸ್ಥೆಯ 2023ರ ‘ಅಸರ್’ ಸಮೀಕ್ಷೆ 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವರ್ಷದವರನ್ನು ಪರೀಕ್ಷಿಸಿತು. ಅವರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿಗೆ ತಮ್ಮ ಪ್ರಾದೇಶಿಕ ಭಾಷೆಯ ಎರಡನೇ ತರಗತಿಯ ಪಾಠವನ್ನೇ ಸರಾಗವಾಗಿ ಓದಲು ಬರಲಿಲ್ಲ.

ಅಕ್ಷರದ ತೊಡಕು, ಅರ್ಥದ ತೊಡಕು

ಗುಂಪು ಮಾಡುವ ಮೊದಲು ಯಾವ ಮಗುವಿನ ತೊಡಕು ಎಲ್ಲಿದೆ ಎಂದು ನೋಡಬೇಕು. ಕನ್ನಡ ಲಿಪಿಯ ಕಾಗುಣಿತ, ಒತ್ತಕ್ಷರಗಳೆಲ್ಲ ಕೈಗೆ ಹತ್ತಲು ಸಮಯ ಬೇಕು. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡಿದ ಸೋನಾಲಿ ನಾಗ್ ಅವರು, ಅಕ್ಷರಗಳ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯದೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳಿಗೆ ಹರಡಿಕೊಳ್ಳುತ್ತದೆ ಎಂದು 2007ರಲ್ಲಿ ತೋರಿಸಿದರು. ನಮ್ಮಲ್ಲಿ ಅದರ ಮೇಲೆ ಎರಡನೇ ಲಿಪಿಯ ಅಭ್ಯಾಸವೂ ಬಂದು ಸೇರುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮಕ್ಕಳು ದಿನವೂ ಕಾಣುವುದು ದೇವನಾಗರಿ. ಅಲ್ಲಿ ‘ಸ್ತ’ ಬರೆಯುವಾಗ ‘ಸ’ ಅರ್ಧವಾಗಿ ‘ತ’ ಪೂರ್ತಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ‘ಸ’ ಪೂರ್ತಿ, ‘ತ’ ಕೆಳಗೆ ಒತ್ತು. ‘ಧರ್ಮ’ ಎಂಬುದರ ಅರ್ಕಾವತ್ತು ಕನ್ನಡದಲ್ಲಿ ‘ಮ’ದ ಆಚೆಗೆ ಬಂದರೂ ಉಚ್ಚಾರದಲ್ಲಿ ಮೊದಲು ಬರಬೇಕು. ಮರಾಠಿಯಲ್ಲಿ ಅದು ‘ಮ’ದ ತಲೆಯ ಮೇಲೆ ಕೂರುತ್ತದೆ. ತಾಳವಾಡಿ, ಹೊಸೂರಿನ ಕಡೆ ತಮಿಳು ಲಿಪಿಯಲ್ಲಿ ಒತ್ತಕ್ಷರದ ಬದಲು ಅಕ್ಷರದ ಮೇಲೆ ಚುಕ್ಕೆ. ಕ ಮತ್ತು ಗಕ್ಕೆ ಒಂದೇ ಅಕ್ಷರ. ಮಹಾಪ್ರಾಣವಂತೂ ಇಲ್ಲವೇ ಇಲ್ಲ. ಆದವಾನಿ, ರಾಯದುರ್ಗ, ಮಡಕಶಿರಾದವರಿಗೆ ಈ ಮಟ್ಟಿಗೆ ಅನುಕೂಲ, ತೆಲುಗು ಮತ್ತು ಕನ್ನಡ ಲಿಪಿಗಳು ಅಕ್ಕತಂಗಿಯರು.

ಇಂಥ ಕಡೆ ತಡೆಯುವ ಮಗುವಿಗೆ ಮೊದಲು ಬೇಕಾದದ್ದು ಜೋಡಿ ಓದು. ಅಕ್ಷರ ಸಲೀಸಾಗಿದ್ದು ಅರ್ಥ ಹತ್ತದ ಮಗುವಿಗೆ ಬೇಕಾದದ್ದು ನಾಲ್ವರ ಗುಂಪು. ಎರಡನ್ನೂ ಬೆರೆಸಿ ಎಲ್ಲರಿಗೂ ಒಂದೇ ಮದ್ದು ಕೊಡುವುದರಿಂದಲೇ ಎಷ್ಟೋ ‘ಓದುವ ಅಭಿಯಾನ’ಗಳು ಮೂರು ವಾರಕ್ಕೆ ಸೋತುಹೋಗುತ್ತವೆ.

ನಮ್ಮ ಭಾಷೆಯೂ ಇಲ್ಲಿ ಒಂದು ಆಟ ಆಡುತ್ತದೆ. ‘ಓದಿದೆಯಾ?’ ಎಂದರೆ ಮಕ್ಕಳಿಗೆ ‘ಬಾಯಿಪಾಠ ಆಯಿತಾ?’ ಎಂದೇ ಕೇಳಿಸುತ್ತದೆ. ಉರು ಹೊಡೆಯುವುದಕ್ಕೂ ಓದು ಎನ್ನುತ್ತೇವೆ, ಡಿಗ್ರಿ ಮಾಡುವುದಕ್ಕೂ ಓದು ಎನ್ನುತ್ತೇವೆ. ಹಾಗಾಗಿ ಗುಂಪು ಓದಿನ ಮೊದಲ ದಿನವೇ “ಇಲ್ಲಿ ಯಾರೂ ಏನನ್ನೂ ಒಪ್ಪಿಸಬೇಕಾಗಿಲ್ಲ” ಎಂದು ಬಾಯಿಬಿಟ್ಟು ಹೇಳಿಬಿಡುವುದು ಒಳ್ಳೆಯದು.

ಹಳೆಯ ಬೇರುಗಳು

ಒಬ್ಬ ಓದಿ ಇನ್ನೊಬ್ಬ ಅರ್ಥ ಬಿಡಿಸುವ ಪದ್ಧತಿ ಕನ್ನಡಕ್ಕೆ ಹೊರಗಿನಿಂದ ಬರಬೇಕಾಗಿರಲಿಲ್ಲ. ಕಾವ್ಯವಾಚನದಲ್ಲಿ ಗಮಕಿ ಕುಮಾರವ್ಯಾಸನ ಷಟ್ಪದಿಯನ್ನು ಓದುತ್ತಾರೆ, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅದನ್ನು ಆಡುಮಾತಿಗೆ ಇಳಿಸುತ್ತಾರೆ. ಕಾಸರಗೋಡಿನ ತಾಳಮದ್ದಳೆಯಲ್ಲಿ ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಅದನ್ನು ಹಿಡಿದು ವಾದ ಬೆಳೆಸುತ್ತಾರೆ. ಎದುರಿನವರು ಒಪ್ಪುವುದಿಲ್ಲ, ಮತ್ತೆ ಪದಕ್ಕೇ ಮರಳಬೇಕಾಗುತ್ತದೆ. ಈ ಮರಳುವಿಕೆಯೇ ಗುಂಪು ಓದಿನ ಜೀವ.

ಶಾಲೆಯ ಇತಿಹಾಸದಲ್ಲೂ ನಮ್ಮ ಕಡೆಯ ಒಂದು ಕಥೆ ಇದೆ. ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್, ಊರಿನ ಜಗಲಿ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನು ತಂದ. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸುವ ವ್ಯವಸ್ಥೆ ಮಾಡಿದ. 1797ರಲ್ಲಿ ಲಂಡನ್ನಿನಲ್ಲಿ ಆತನ ವರದಿ ಅಚ್ಚಾದ ಮೇಲೆ ಅದು ಮದ್ರಾಸ್ ಪದ್ಧತಿ ಎಂದು ಇಂಗ್ಲೆಂಡಿನಲ್ಲಿ ಹಬ್ಬಿತು. ಆದರೆ ಅದು ನಾವು ಹೇಳುತ್ತಿರುವ ಸಹಕಾರಿ ಕಲಿಕೆ ಅಲ್ಲ. ಅಲ್ಲಿ ಮಾನಿಟರ್ ಎಂದರೆ ಪುಟ್ಟ ಮೇಷ್ಟ್ರು. ಅವನು ಹೇಳಿದ್ದನ್ನು ಉಳಿದವರು ತಿರುಗಿ ಹೇಳಬೇಕು. ನಮ್ಮ ಎಷ್ಟೋ ಶಾಲೆಗಳಲ್ಲಿ ಇಂದಿಗೂ ‘ಗುಂಪು ಚಟುವಟಿಕೆ’ ಎಂದರೆ ಇದೇ: ಗುಂಪಿನ ನಾಯಕ ಬರೆಯುತ್ತಾನೆ, ಮೂವರು ನಕಲು ಮಾಡುತ್ತಾರೆ.

ನಾಲ್ಕು ಕೆಲಸ, ನಾಲ್ವರು ಮಕ್ಕಳು

ಪ್ರೌಢಶಾಲಾ ಮಕ್ಕಳಿಗೆ ಹೆಚ್ಚು ಹೊಂದುವ ವಿಧಾನ ಪರಸ್ಪರ ಬೋಧನೆ. ಇದನ್ನು ರೂಪಿಸಿದವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆ್ಯನ್‌ಮೇರಿ ಪಾಲಿಂಕ್ಸರ್ ಮತ್ತು ಆ್ಯನ್ ಬ್ರೌನ್. 1984ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿದ್ದದ್ದು ಏಳನೇ ತರಗತಿಯ ಮಕ್ಕಳು, ಅದೂ ಅಕ್ಷರ ಚೆನ್ನಾಗಿ ಬಂದು ಅರ್ಥ ಮಾತ್ರ ಹತ್ತದವರು. ನಮ್ಮ ಹುಡುಗಿಯಂಥವರೇ. ಸುಮಾರು 20 ದಿನಗಳ ಅಭ್ಯಾಸದಲ್ಲಿ ಅವರ ಗ್ರಹಿಕೆ ಎದ್ದು ಕಾಣುವಷ್ಟು ಸುಧಾರಿಸಿತು.

ಒಬ್ಬ ನುರಿತ ಓದುಗ ತನಗರಿವಿಲ್ಲದೆ ಮಾಡುವ ನಾಲ್ಕು ಕೆಲಸಗಳನ್ನು ಬಿಡಿಸಿ ನಾಲ್ವರ ಕೈಗೆ ಕೊಡುವುದು ಇದರ ಗುಟ್ಟು. ಒಬ್ಬರು ಮುಂದೇನು ಬರಬಹುದೆಂದು ಊಹಿಸುತ್ತಾರೆ. ಒಬ್ಬರು ಪ್ರಶ್ನೆ ಕೇಳುತ್ತಾರೆ. ಒಬ್ಬರು ತೊಡಕಿನ ಪದ, ಸಾಲುಗಳನ್ನು ಬಿಡಿಸುತ್ತಾರೆ. ಇನ್ನೊಬ್ಬರು ಸಾರ ಹೇಳುತ್ತಾರೆ. ಒಂದು ಪ್ಯಾರಾ ಮುಗಿದ ಮೇಲೆ ಕೆಲಸಗಳು ಬಲಕ್ಕೆ ಸರಿಯುತ್ತವೆ.

ಒಂದು ಉದಾಹರಣೆ ನೋಡೋಣ. ಒಂಬತ್ತನೇ ತರಗತಿಯ ಮಟ್ಟಕ್ಕೆ ನಾನೇ ಬರೆದ ಪ್ಯಾರಾ ಇದು:

“ಮಣ್ಣಿನ ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಒಳಗಿನ ನೀರು ಇವುಗಳ ಮೂಲಕ ಹೊರಮೈಗೆ ಒಸರಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಉಷ್ಣವನ್ನು ಮಡಕೆಯಿಂದಲೂ ಒಳಗೆ ಉಳಿದ ನೀರಿನಿಂದಲೂ ಹೀರಿಕೊಳ್ಳುವುದರಿಂದ ಆ ನೀರು ತಂಪಾಗುತ್ತದೆ. ವಾತಾವರಣದಲ್ಲಿ ಆರ್ದ್ರತೆ ಹೆಚ್ಚಿದಂತೆ ಈ ಕ್ರಿಯೆ ನಿಧಾನವಾಗುತ್ತದೆ.”

ಓದುವ ಮೊದಲು ‘ಮಡಕೆಯ ನೀರು’ ಎಂಬ ಶೀರ್ಷಿಕೆ ಮಾತ್ರ ತೋರಿಸಿ. ಊಹಿಸುವವನು “ಮಡಕೆ ಮಾಡೋದು ಹೇಗೆ ಅಂತ ಇರಬಹುದು” ಎಂದರೂ ಅಡ್ಡಿಯಿಲ್ಲ. ಊಹೆ ತಪ್ಪಾಗಿದೆ ಎಂದು ಓದುತ್ತಾ ಅವನಿಗೇ ತಿಳಿಯಬೇಕು, ಅದಕ್ಕೇ ಆ ಊಹೆ. ಆಮೇಲೆ ಎಲ್ಲರೂ ಮೌನವಾಗಿ ಓದಲಿ. ಈಗ ಬಿಡಿಸುವವರ ಸರದಿ. ‘ರಂಧ್ರ’ ಎಂದರೆ ತೂತು ಎಂದು ಯಾರಾದರೂ ಹೇಳುತ್ತಾರೆ. ‘ಒಸರಿ’ ಎಂಬಲ್ಲಿ ನಿಲ್ಲುತ್ತಾರೆ. ಕರಾವಳಿಯ ಮಗು ಗುಡ್ಡದ ಒರತೆಯನ್ನು ನೆನೆದು ಹೇಳಬಹುದು. ‘ಆರ್ದ್ರತೆ’ ಬಂದಾಗ ಎಲ್ಲರೂ ಸುಮ್ಮನಾಗುತ್ತಾರೆ. ಇಲ್ಲಿ ಹಿರಿಯರು ಬಾಯಿ ಹಾಕಬಾರದು, ಇದು ಬಹಳ ಕಷ್ಟದ ಸಂಯಮ. “ಮುಂದಿನ ಸಾಲು ನೋಡಿ, ಅದು ಹೆಚ್ಚಿದರೆ ಏನಾಗುತ್ತದಂತೆ?” ಎಂದಷ್ಟೇ ಕೇಳಬಹುದು.

ಪ್ರಶ್ನೆ ಕೇಳುವುದೇ ಮಕ್ಕಳಿಗೆ ಕಷ್ಟದ ಕೆಲಸ. ಮೊದಲ ವಾರ “ಮಡಕೆಯಲ್ಲಿ ಏನಿರುತ್ತದೆ?” “ರಂಧ್ರಗಳಿರುತ್ತವೆ” ಎಂಬಂಥವೇ ಬರುತ್ತವೆ, ಇದು ಪರೀಕ್ಷೆಯ ಬಿಟ್ಟ ಸ್ಥಳ ತುಂಬುವ ಅಭ್ಯಾಸ. ‘ಯಾಕೆ’, ‘ಹಾಗಲ್ಲದಿದ್ದರೆ’ ಎಂಬ ಎರಡು ಚೀಟಿಗಳನ್ನು ಪ್ರಶ್ನಿಸುವವರ ಕೈಗೆ ಕೊಟ್ಟು, ಪ್ರಶ್ನೆ ಇವುಗಳಲ್ಲಿ ಒಂದರಿಂದ ಹುಟ್ಟಬೇಕು ಎಂದರೆ ದಾರಿ ತೆರೆಯುತ್ತದೆ. ಅಕ್ಕಲಕೋಟೆಯ ಹುಡುಗ “ಸ್ಟೀಲ್ ಕೊಡದಾಗ ಯಾಕ ತಣ್ಣಗಾಗಂಗಿಲ್ಲ?” ಎಂದು ಕೇಳಿದನೆಂದರೆ ಪ್ಯಾರಾ ಅವನದಾಯಿತು. ಕಾಸರಗೋಡಿನ ಹವ್ಯಕ ಮನೆಯ ಹುಡುಗಿ “ಮಳೆಗಾಲಲ್ಲಿ ಎಂತಕೆ ಅಷ್ಟು ತಂಪಾವ್ತಿಲ್ಲೆ?” ಎಂದರೆ ಆರ್ದ್ರತೆಯ ಅರ್ಥ ನಿಘಂಟಿಲ್ಲದೆ ಸಿಕ್ಕಿತು. ಬಿಸಿಲಿನ ಸೊಲ್ಲಾಪುರದಲ್ಲಿ ಮಡಕೆ ನೀರು ಯಾಕೆ ಅಷ್ಟು ತಂಪು, ಕರಾವಳಿಯಲ್ಲಿ ಯಾಕೆ ಅಲ್ಲ ಎಂಬುದು ನಮ್ಮ ಸಂಘದ ಎರಡು ಊರಿನ ಮಕ್ಕಳು ಫೋನಿನಲ್ಲಿ ಮಾತಾಡಿಕೊಳ್ಳಬಹುದಾದ ವಿಷಯ.

ಕೊನೆಗೆ ಸಾರ. ಪುಸ್ತಕ ಮುಚ್ಚಿ, ಎರಡು ಸಾಲಿನಲ್ಲಿ, ಪುಸ್ತಕದ ವಾಕ್ಯ ಬಳಸದೆ ಹೇಳಬೇಕು. ಉಳಿದ ಮೂವರಲ್ಲಿ ಯಾರಿಗಾದರೂ “ಅದು ಹಾಗಲ್ಲ” ಎನಿಸಿದರೆ ಪುಸ್ತಕ ತೆರೆದು ಆ ಸಾಲನ್ನು ತೋರಿಸಬೇಕು. ಬೆರಳು ಪುಸ್ತಕದ ಸಾಲಿನ ಮೇಲೆ ಇರಬೇಕು ಎಂಬ ನಿಯಮವೊಂದೇ ಹರಟೆಯನ್ನು ಓದಾಗಿ ಉಳಿಸುತ್ತದೆ.

ಮೊದಲ ನಾಲ್ಕೈದು ಸಲ ನಾಲ್ಕೂ ಕೆಲಸಗಳನ್ನು ಹಿರಿಯರೇ ಎಲ್ಲರೆದುರು ಮಾಡಿ ತೋರಿಸಬೇಕು. “ನನಗೂ ಈ ಸಾಲು ಮೊದಲು ಅರ್ಥ ಆಗಲಿಲ್ಲ, ಹಾಗಾಗಿ ಹಿಂದಿನ ಸಾಲಿಗೆ ಹೋದೆ” ಎಂದು ಬಾಯಿಬಿಟ್ಟು ಯೋಚಿಸಬೇಕು. ಮೇಷ್ಟ್ರಿಗೂ ಒಮ್ಮೊಮ್ಮೆ ಅರ್ಥ ಆಗುವುದಿಲ್ಲ ಎಂದು ತಿಳಿದ ದಿನ ಮಕ್ಕಳ ಅರ್ಧ ಹೆದರಿಕೆ ಹೋಗುತ್ತದೆ.

ಎಷ್ಟು ಫಲ ನಿರೀಕ್ಷಿಸಬಹುದು? ಬರಾಕ್ ರೋಸೆನ್‌ಶೈನ್ ಮತ್ತು ಕಾರ್ಲಾ ಮೈಸ್ಟರ್ 1994ರಲ್ಲಿ ಈ ವಿಧಾನದ 16 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಂಶೋಧಕರೇ ತಯಾರಿಸಿದ ಪರೀಕ್ಷೆಗಳಲ್ಲಿ ಲಾಭ ದೊಡ್ಡದಿತ್ತು, ಸಾರ್ವತ್ರಿಕ ಪ್ರಮಾಣಿತ ಪರೀಕ್ಷೆಗಳಲ್ಲಿ ಸಾಕಷ್ಟು ಸಣ್ಣದು. ಒಂದು ತಿಂಗಳಲ್ಲಿ ಅಂಕ ದುಪ್ಪಟ್ಟಾಗುತ್ತದೆ ಎಂದು ಪೋಷಕರಿಗೆ ಭರವಸೆ ಕೊಡುವವರು ಇದನ್ನು ನೆನಪಿಡಬೇಕು.

ಜೋಡಿ ಓದು

ಅಕ್ಷರದಲ್ಲೇ ತಡೆಯುವ ಮಕ್ಕಳಿಗೆ ಜೋಡಿ ಬೇಕು. ಟೆನ್ನೆಸ್ಸಿಯ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡಗ್ಲಸ್ ಮತ್ತು ಲಿನ್ ಫುಕ್ಸ್ 1990ರ ದಶಕದಲ್ಲಿ ಪ್ರಾಥಮಿಕ ತರಗತಿಗಳಿಗೆ ರೂಪಿಸಿದ ಕ್ರಮವನ್ನು ಆಮೇಲೆ ಪ್ರೌಢಶಾಲೆಗೂ ಹೊಂದಿಸಲಾಯಿತು. ಅದರಲ್ಲಿ ಜೋಡಿ ಮಾಡುವ ಲೆಕ್ಕ ಜಾಣತನದ್ದು. ಇಪ್ಪತ್ತು ಮಕ್ಕಳನ್ನು ಓದಿನ ಮಟ್ಟದಂತೆ ಸಾಲಾಗಿ ಬರೆದು, ಪಟ್ಟಿಯನ್ನು ನಡುವೆ ಕತ್ತರಿಸಿ, ಮೇಲಿನ ಅರ್ಧದ ಮೊದಲನೆಯವರನ್ನು ಕೆಳಗಿನ ಅರ್ಧದ ಮೊದಲನೆಯವರ ಜೊತೆ, ಅಂದರೆ ಒಂದನೆಯವರನ್ನು ಹನ್ನೊಂದನೆಯವರ ಜೊತೆ ಕೂರಿಸುತ್ತಾರೆ. ಒಂದನೆಯವರಿಗೆ ಇಪ್ಪತ್ತನೆಯವರನ್ನು ಕಟ್ಟಿದರೆ ಒಬ್ಬರಿಗೆ ಬೇಸರ, ಇನ್ನೊಬ್ಬರಿಗೆ ನಾಚಿಕೆ.

ಚೆನ್ನಾಗಿ ಓದುವವರು ಐದು ನಿಮಿಷ ಮೊದಲು ಓದುತ್ತಾರೆ, ಅದೇ ಭಾಗವನ್ನು ಇನ್ನೊಬ್ಬರು ಮತ್ತೆ ಓದುತ್ತಾರೆ. ಕಿವಿಗೆ ಒಮ್ಮೆ ಬಿದ್ದ ವಾಕ್ಯ ಕಣ್ಣಿಗೆ ಸುಲಭ. ತಪ್ಪಿದರೆ ಜೊತೆಗಾರರು “ಆ ಪದ ಇನ್ನೊಮ್ಮೆ ನೋಡು” ಎನ್ನಬೇಕು, ಕೂಡಲೇ ಹೇಳಿಕೊಡಬಾರದು. ನಾಲ್ಕು ಸೆಕೆಂಡ್ ಕಾದರೂ ಬರದಿದ್ದರೆ ಹೇಳಿ, ಆ ವಾಕ್ಯವನ್ನು ಮೊದಲಿನಿಂದ ಓದಿಸಬೇಕು. ಆಮೇಲೆ ಪ್ಯಾರಾವನ್ನು ಕುಗ್ಗಿಸುವ ಆಟ: ಯಾರ ಬಗ್ಗೆ ಅಥವಾ ಯಾವುದರ ಬಗ್ಗೆ, ಅದರಲ್ಲಿ ಮುಖ್ಯವಾದದ್ದೇನು, ಎರಡನ್ನೂ ಸೇರಿಸಿ ಹತ್ತು ಪದದೊಳಗೆ ಹೇಳು. ಈ ಹತ್ತರ ಲೆಕ್ಕ ಇಂಗ್ಲಿಷಿನದು. ವಿಭಕ್ತಿ, ಕಾಲ ಎಲ್ಲ ಪದಕ್ಕೇ ಅಂಟುವ ಕನ್ನಡದಲ್ಲಿ ಹತ್ತು ಪದ ಎಂದರೆ ಇಡೀ ಪ್ಯಾರಾ ಬಂದುಬಿಡುತ್ತದೆ. ಆರೇಳು ಪದ ಸಾಕು. “ಒಸರಿದ ನೀರು ಆವಿಯಾಗಿ ಮಡಕೆ ತಂಪಾಗುತ್ತದೆ”: ಐದೇ ಪದ.

ಪಾಠ ಹಂಚಿಕೊಂಡು ಓದುವುದು

ಜಿಗ್‌ಸಾ ಎಂಬ ವಿಧಾನ ಬಹಳ ಜನಪ್ರಿಯ. ಎಲಿಯಟ್ ಆರನ್‌ಸನ್ 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಇದನ್ನು ಆರಂಭಿಸಿದರು. ಬಿಳಿಯ, ಕಪ್ಪು, ಲ್ಯಾಟಿನೋ ಮಕ್ಕಳು ಹೊಸದಾಗಿ ಒಂದೇ ತರಗತಿಯಲ್ಲಿ ಕುಳಿತು ಕಾದಾಡುತ್ತಿದ್ದ ಕಾಲ ಅದು. ಅವರ ಗುರಿ ಓದು ಸುಧಾರಿಸುವುದಕ್ಕಿಂತ ಒಬ್ಬರಿಗೊಬ್ಬರು ಬೇಕಾಗುವಂತೆ ಮಾಡುವುದಾಗಿತ್ತು.

ನಮ್ಮ ಮಕ್ಕಳಿಗೆ ಹತ್ತಿರದ ಪಾಠವೊಂದನ್ನು ತೆಗೆದುಕೊಳ್ಳಿ: ನಮ್ಮ ಊರು ಈ ರಾಜ್ಯದಲ್ಲಿ ಹೇಗೆ ಉಳಿಯಿತು? ಒಬ್ಬರಿಗೆ 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆ ಹರಿದುಹೋಗಿ ಆದವಾನಿ, ಆಲೂರು, ರಾಯದುರ್ಗ ಆಚೆ ಉಳಿದ ಭಾಗ. ಒಬ್ಬರಿಗೆ ಫಜಲ್ ಅಲಿ ಆಯೋಗ ಮತ್ತು ಅದರ 1955ರ ವರದಿ. ಇನ್ನೊಬ್ಬರಿಗೆ 1956ರ ನವೆಂಬರ್ 1. ನಾಲ್ಕನೆಯವರಿಗೆ 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ. ಒಂದೇ ಭಾಗ ಸಿಕ್ಕವರೆಲ್ಲ ಮೊದಲು ಒಟ್ಟಿಗೆ ಕುಳಿತು ಓದಿ ಚರ್ಚಿಸಿ, ಆಮೇಲೆ ತಂತಮ್ಮ ಗುಂಪಿಗೆ ಹೋಗಿ ವಿವರಿಸಬೇಕು.

ಇದು ಸೊಗಸಾಗಿ ಕಾಣುತ್ತದೆ, ಆದರೆ ದುರ್ಬಲ ಓದುಗರಿಗೆ ನಾನು ಇದನ್ನು ಮೊದಲು ಕೊಡುವುದಿಲ್ಲ. ತನ್ನ ಭಾಗವನ್ನು ತಪ್ಪಾಗಿ ಓದಿದ ಮಗು ಆ ತಪ್ಪನ್ನೇ ಮೂವರಿಗೆ ಹಂಚುತ್ತದೆ, ಉಳಿದ ಮುಕ್ಕಾಲು ಪಾಠವನ್ನು ಯಾರೂ ಓದಿರುವುದಿಲ್ಲ. ನಾಲ್ಕು ಕೆಲಸಗಳ ಓದು ಕೈಗೆ ಹತ್ತಿದ ಮೇಲೆ, ಎರಡನೇ ಅವಧಿಗೆ ಇದು ಸರಿ.

ಮಾತು ಯಾವ ಭಾಷೆಯಲ್ಲಿ?

ಸಂಘದ ಸಭೆಯಲ್ಲಿ ಈ ಮಾತು ಎತ್ತಿದರೆ ಜಗಳ ಖಂಡಿತ, ಆದರೂ ಹೇಳುತ್ತೇನೆ. ಓದುವ ಪುಟ ಕನ್ನಡದ್ದೇ ಆಗಿರಬೇಕು, ಕೊನೆಗೆ ಹೇಳುವ ಸಾರ ಕನ್ನಡದಲ್ಲೇ ಇರಬೇಕು. ನಡುವಿನ ಮಾತು ಮಕ್ಕಳಿಗೆ ಬಂದ ಭಾಷೆಯಲ್ಲಿ ನಡೆಯಲಿ. ತುಳು, ಕೊಂಕಣಿ, ಬ್ಯಾರಿ, ಬಡಗ, ಮಲಯಾಳ, ತೆಲುಗು, ಮರಾಠಿ ಯಾವುದಾದರೂ. “ಕನ್ನಡದಲ್ಲೇ ಮಾತಾಡಿ” ಎಂದು ಗದರಿದ ಕ್ಷಣ ಗುಂಪಿನಲ್ಲಿ ಮೌನ ಬೀಳುತ್ತದೆ, ಮೌನದಲ್ಲಿ ಅರ್ಥ ಬಿಡುವುದಿಲ್ಲ. ಕನ್ನಡ ಉಳಿಸಲು ಹೊರಟವರು ಮಗುವಿನ ಯೋಚನೆಯ ಬಾಯಿಯನ್ನೇ ಮುಚ್ಚಿದಂತಾಗುತ್ತದೆ.

ಪಕ್ಕದ ಭಾಷೆ ನಿಘಂಟಿನ ಕೆಲಸವನ್ನೂ ಮಾಡುತ್ತದೆ. ಮೇಲಿನ ‘ಆರ್ದ್ರತೆ’ಯನ್ನೇ ನೋಡಿ: ಮರಾಠಿ, ಮಲಯಾಳ, ತೆಲುಗು ಮೂರರಲ್ಲೂ ಇದೇ ಪದ ಸ್ವಲ್ಪ ರೂಪ ಬದಲಿಸಿ ಇದೆ. ತಮಿಳಿನಲ್ಲಿ ‘ಈರಪ್ಪದಂ’. ಹವಾಮಾನ ವರದಿಯಲ್ಲಿ ದಿನವೂ ಕೇಳಿದ್ದು ಕನ್ನಡದ ಪುಟದಲ್ಲಿ ಕಂಡಾಗ ಮಗುವಿನ ಮುಖ ಅರಳುವುದನ್ನು ನೋಡಬೇಕು.

ಆದರೆ ಅದೇ ಪಕ್ಕದ ಭಾಷೆ ದಾರಿ ತಪ್ಪಿಸುವುದೂ ಉಂಟು. ‘ಅವಸರ’ ಎಂದರೆ ನಮಗೆ ಗಡಿಬಿಡಿ, ತೆಲುಗಿನಲ್ಲಿ ಅಗತ್ಯ, ಮಲಯಾಳದಲ್ಲಿ ಅವಕಾಶ. “ಅವನಿಗೆ ಅವಸರವಿರಲಿಲ್ಲ” ಎಂಬ ಒಂದು ಕನ್ನಡ ವಾಕ್ಯವನ್ನು ಮಡಕಶಿರಾದಲ್ಲೂ ಮಂಜೇಶ್ವರದಲ್ಲೂ ಎರಡು ಬೇರೆ ರೀತಿಯಲ್ಲಿ ತಪ್ಪು ತಿಳಿಯಬಹುದು. ‘ಸಂಸಾರ’ ಮಲಯಾಳದಲ್ಲಿ ಮಾತುಕತೆ. ಒಂಟಿಯಾಗಿ ಓದುವ ಮಗುವಿಗೆ ತಾನು ತಪ್ಪು ತಿಳಿದದ್ದು ಗೊತ್ತೇ ಆಗುವುದಿಲ್ಲ. ಗುಂಪಿನಲ್ಲಿ ಯಾರಾದರೊಬ್ಬರು “ಹಾಗಾದರೆ ಮುಂದಿನ ಸಾಲು ಕೂಡುವುದಿಲ್ಲವಲ್ಲ” ಎನ್ನುತ್ತಾರೆ. ಇಂಥ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಒಂದು ವರ್ಷಕ್ಕೆ ನಿಮ್ಮ ಊರಿನದೇ ಪುಟ್ಟ ಪದಕೋಶವಾಗುತ್ತದೆ.

ಎಡವುವ ಜಾಗಗಳು

ಗುಂಪು ಮಾಡಿ ಬಿಟ್ಟರೆ ಓದು ತಾನಾಗಿ ಬರುವುದಿಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಲಾವಿನ್ ಒತ್ತಿ ಹೇಳಿದ್ದು ಎರಡು ವಿಷಯ: ಗುಂಪಿಗೆ ಒಂದು ಸಮಾನ ಗುರಿ ಇರಬೇಕು, ಪ್ರತಿಯೊಬ್ಬರೂ ತಾವು ಕಲಿತದ್ದಕ್ಕೆ ಬೇರೆ ಬೇರೆಯಾಗಿ ಉತ್ತರ ಹೇಳಬೇಕು. ಇದಕ್ಕೆ ಸುಲಭ ಉಪಾಯ ಚೀಟಿ ಎತ್ತುವುದು. ಚರ್ಚೆ ಮುಗಿದ ಮೇಲೆ ನಾಲ್ವರಲ್ಲಿ ಯಾರ ಹೆಸರು ಬರುತ್ತದೋ ಅವರೇ ಗುಂಪಿನ ಪರವಾಗಿ ಹೇಳಬೇಕು. ಆಗ ಜಾಣ ಮಗುವೂ ತನ್ನ ಪಕ್ಕದವರಿಗೆ ತಿಳಿಯುವವರೆಗೆ ಬಿಡುವುದಿಲ್ಲ.

ನಾವೆಲ್ಲ ಮಾಡಿದ ಸರದಿ ಓದನ್ನು, ಅಂದರೆ ಒಬ್ಬೊಬ್ಬರು ಮೂರು ಸಾಲು ಗಟ್ಟಿಯಾಗಿ ಓದುವುದನ್ನು, ಗುಂಪು ಓದು ಎಂದು ತಿಳಿಯಬಾರದು. ಅಲ್ಲಿ ಮಗು ತನ್ನ ಮೂರು ಸಾಲು ಯಾವುದೆಂದು ಎಣಿಸುತ್ತಾ ಕೂರುತ್ತದೆ, ಉಳಿದದ್ದು ಕಿವಿಗೆ ಬೀಳುವುದಿಲ್ಲ. ಇನ್ನು ಗದ್ದಲದ ದೂರು. ಪಕ್ಕದ ಕೋಣೆಯವರು, ಮುಖ್ಯೋಪಾಧ್ಯಾಯರು ಬಂದೇ ಬರುತ್ತಾರೆ. ಅವರನ್ನು ಒಂದು ಗುಂಪಿನ ಪಕ್ಕ ಐದು ನಿಮಿಷ ಕೂರಿಸಿದರೆ ಸಾಕು.

ವಿಷಯ ಶಿಕ್ಷಕರಿಗೇ ಕನ್ನಡ ಬಾರದ ಸ್ಥಿತಿ ಕಾಸರಗೋಡಿನ ಕೆಲವು ಕನ್ನಡ ಮಾಧ್ಯಮ ತರಗತಿಗಳಲ್ಲಿ ಬಂದಿದ್ದು, ಮಕ್ಕಳೂ ಪೋಷಕರೂ ಪ್ರತಿಭಟಿಸಿದ್ದು ಸದಸ್ಯರಿಗೆ ತಿಳಿದದ್ದೇ. ಹೋರಾಟ ನಡೆಯಲೇಬೇಕು. ಆದರೆ ನ್ಯಾಯ ಸಿಗುವ ತನಕ ಆ ವರ್ಷದ ಮಕ್ಕಳು ಕಾಯುತ್ತಾ ಕೂರುವಂತಿಲ್ಲ. ಪುಸ್ತಕವನ್ನು ತಾವೇ ಬಿಡಿಸಿಕೊಳ್ಳಬಲ್ಲ ನಾಲ್ವರು ಮಕ್ಕಳು ಅಂಥ ವರ್ಷವನ್ನು ದಾಟಿಯಾರು.

ಸಂಘದ ಕೋಣೆಯಲ್ಲಿ

ಇದಕ್ಕೆ ದೊಡ್ಡ ಖರ್ಚಿಲ್ಲ. ವಾರಕ್ಕೊಮ್ಮೆ ಒಂದೂಕಾಲು ಗಂಟೆ, ಎಂಟರಿಂದ ಹದಿನಾರು ಮಕ್ಕಳು, ಇಬ್ಬರು ಹಿರಿಯರು. ಮೊದಲ ಹದಿನೈದು ನಿಮಿಷ ಜೋಡಿ ಓದು, ನಡುವಿನ ನಲವತ್ತು ನಿಮಿಷ ನಾಲ್ಕು ಕೆಲಸಗಳ ಗುಂಪು, ಕೊನೆಯ ಇಪ್ಪತ್ತು ನಿಮಿಷ ಚೀಟಿ ಎತ್ತಿ ಹೇಳುವುದು ಮತ್ತು ಪ್ರತಿ ಮಗುವೂ ಎರಡು ಸಾಲು ಬರೆಯುವುದು. ಹಿರಿಯರು ಕನ್ನಡ ಎಂ.ಎ. ಆಗಬೇಕಾಗಿಲ್ಲ. ಪಾಠ ಹೇಳುವ ಚಟ ಇಲ್ಲದವರಾದರೆ 더 ಒಳ್ಳೆಯದು.

ಓದಲು ಮೊದಲ ಆಯ್ಕೆ ಮಕ್ಕಳ ಶಾಲೆಯ ವಿಜ್ಞಾನ, ಸಮಾಜ ಪುಸ್ತಕಗಳೇ. ಕೇರಳ ಮತ್ತು ಮಹಾರಾಷ್ಟ್ರ ಎರಡೂ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತವೆ. ಕನ್ನಡವನ್ನು ಭಾಷೆಯಾಗಿ ಮಾತ್ರ ಕಲಿಯುವ ಮಕ್ಕಳಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣ ಅನುಕೂಲ. ಅಲ್ಲಿ ಎಷ್ಟೋ ಕಥೆಗಳು ಕನ್ನಡದ ಜೊತೆಗೆ ಮರಾಠಿ, ತಮಿಳು, ತೆಲುಗು, ಮಲಯಾಳದಲ್ಲೂ ಉಚಿತವಾಗಿ ಸಿಗುತ್ತವೆ. ಹತ್ತನೇ ತರಗತಿಯವರಿಗೆ ದಿನಪತ್ರಿಕೆಯ ಒಂದು ಸುದ್ದಿಯೂ ಸಾಕು. ಬೆಳೆ ವಿಮೆ, ಬಸ್ ದರ, ನೀರಿನ ವಿವಾದ ಇಂಥವು ಬೇಗ ಮಾತು ಹುಟ್ಟಿಸುತ್ತವೆ.

ಆರಂಭದ ದಿನ ಒಂದು ಪ್ಯಾರಾ ಓದಿಸಿ, ಮಗು ತನ್ನ ಮಾತಿನಲ್ಲಿ ಹೇಳಿದ್ದನ್ನು ಹಾಗೆಯೇ ಬರೆದಿಟ್ಟುಕೊಳ್ಳಿ, ಅಥವಾ ಪೋಷಕರ ಒಪ್ಪಿಗೆ ಪಡೆದು ಫೋನಿನಲ್ಲಿ ಧ್ವನಿ ಮುದ್ರಿಸಿ. ಹತ್ತು ವಾರ ಕಳೆದ ಮೇಲೆ ಅಷ್ಟೇ ಕಷ್ಟದ ಇನ್ನೊಂದು ಪ್ಯಾರಾ ಕೊಟ್ಟು ಮತ್ತೆ ಹೇಳಿಸಿ. ಎರಡನ್ನೂ ಮೊದಲು ಆ ಮಗುವಿಗೇ ಕೇಳಿಸಿ, ಆಮೇಲೆ ಮನೆಯವರಿಗೆ.